‘ತಲಿ ಕೆಟ್ಟಿತ್ತು’ ಎಂಬ ಮಾತಿನ ಅನುವಾದ

ದುಭಾಷಿಯ ಕೆಲಸಕ್ಕೆ ಸೇರುವವರಿಗೆ ಯಾರೂ ಮೊದಲೇ ಹೇಳದ ಒಂದು ಸಂಗತಿಯಿಂದ ಶುರುಮಾಡುತ್ತೇನೆ. ಈ ಕೆಲಸದಲ್ಲಿ ದಿನವಿಡೀ ‘ನಾನು’, ‘ನನ್ನ’ ಎನ್ನುತ್ತಲೇ ಇರಬೇಕು. ಆ ‘ನಾನು’ ಮಾತ್ರ ಒಮ್ಮೆಯೂ ನೀವಾಗಿರುವುದಿಲ್ಲ. ಕಟಕಟೆಯಲ್ಲಿ ನಿಂತವನು ಕನ್ನಡದಲ್ಲಿ ‘ನಾನು ಆ ಟೆಂಪೋ ನೋಡಲಿಲ್ಲ’ ಎಂದರೆ ನೀವೂ ಮರಾಠಿಯಲ್ಲಿ ‘ನಾನು ಆ ಟೆಂಪೋ ನೋಡಲಿಲ್ಲ’ ಎಂದೇ ಹೇಳಬೇಕು. ‘ನೋಡಲಿಲ್ಲವಂತೆ’ ಎನ್ನುವ ಹಾಗಿಲ್ಲ. ಪುಣೆಯ ಕೋರ್ಟಿನಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೆ ಮಾತಾಡಿದೆ. ಮದುವೆಯೇ ಆಗದ ನಾನು, ಗಂಡ ನನ್ನನ್ನು ಬಿಟ್ಟುಹೋದ ಎಂದು ಎಷ್ಟು ಸಲ ಹೇಳಿದ್ದೇನೋ ನೆನಪಿಲ್ಲ. ಕಳವು ಮಾಡಿದ್ದೇನೆ ಎಂದಿದ್ದೇನೆ, ಮಾಡಿಲ್ಲ ಎಂದಿದ್ದೇನೆ, ಸತ್ತ ಮಗುವಿನ ಮೈಮೇಲಿನ ಗುರುತು ಹೇಳಿದ್ದೇನೆ. ಸಂಜೆ ಮನೆಗೆ ಬಂದು ಬೀಗ ತೆಗೆದರೆ, ನನ್ನದು ಎಂದು ಆಡುವ ಮಾತು ಒಂದೂ ಇರುತ್ತಿರಲಿಲ್ಲ.

ನಾನು ದುಭಾಷಿಯಾಗಬೇಕೆಂದು ಬಂದವಳಲ್ಲ. ನಮ್ಮ ತಂದೆ ವಿಜಾಪುರದವರು, ಪುಣೆಯಲ್ಲಿ ಸಗಟು ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತರು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ನಾನು ಓದಿದ್ದೆಲ್ಲ ಮರಾಠಿಯಲ್ಲೇ. ಕನ್ನಡ ಓದಲು ಬರೆಯಲು ಅವ್ವ ಕಲಿಸಿದ್ದು. ಕೋರ್ಟಿನ ನಕಲು ವಿಭಾಗದಲ್ಲಿ ಗುಮಾಸ್ತೆಯಾಗಿ ಸೇರಿ ಎರಡು ವರ್ಷವಾಗಿತ್ತು. ಒಂದು ದಿನ ಮೇಲಿನ ಮಹಡಿಯಿಂದ ಜವಾನ ಪಟ್ಟೇವಾಲಾ ಓಡಿಬಂದು, ಇಲ್ಲಿ ಕಾನಡಿ, ಅಂದರೆ ಕನ್ನಡ, ಯಾರಿಗೆ ಬರುತ್ತದೆ ಎಂದು ಕೇಳಿದ. ನಾನು ಕೈಯೆತ್ತಿದೆ. ಅಲ್ಲಿಂದ ಮುಂದೆ ಯಾವ ಕೋರ್ಟಿಗೆ ಕನ್ನಡದ ಸಾಕ್ಷಿ ಬಂದರೂ ನನಗೇ ಕರೆ.

ಭಾಷಾಂತರ ವಿಭಾಗದ ಮುಖ್ಯಸ್ಥರಾಗಿದ್ದ ಜೋಶಿ ಸಾಹೇಬರು ನನ್ನನ್ನು ಕೂಡಿಸಿಕೊಂಡು ಕೆಲಸದ ನಿಯಮಗಳನ್ನು ಹೇಳಿದರು. ಸಾಕ್ಷಿಯ ಜೊತೆ ಹೊರಗೆ ಮಾತಾಡಬಾರದು. ಅವರ ಕೈಯಿಂದ ಚಹಾ ಕುಡಿಯಬಾರದು. ಅತ್ತರೆ ಸಮಾಧಾನ ಮಾಡಬಾರದು. ಅವರು ಆಡಿದ್ದಕ್ಕೆ ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು. ಕೊನೆಗೆ ಕನ್ನಡಕ ತೆಗೆದು ಒರೆಸುತ್ತ, “ಬಾಯಿ, ತುಮ್ಹೀ ತಿಥೇ ನಾಹೀತ” ಎಂದರು. ಅಮ್ಮಾ, ನೀವು ಅಲ್ಲಿ ಇಲ್ಲವೇ ಇಲ್ಲ ಎಂದು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರೂ ಮೂವತ್ತು ವರ್ಷ ಹಾಗೆಯೇ ಇದ್ದವರು.

ತೊಂಬತ್ತರ ದಶಕದ ಮೊದಲಲ್ಲಿ ಅವ್ವ ತೀರಿಕೊಂಡಳು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ನನಗೆ ಒಮ್ಮೆ ಮದುವೆ ಗೊತ್ತಾಗಿತ್ತು. ಅವ್ವ ಹಾಸಿಗೆ ಹಿಡಿದಳು, ಗಂಡಿನ ಕಡೆಯವರು ಎರಡು ವರ್ಷ ಕಾದರು, ಆಮೇಲೆ ತಿಳಿಸಿಯೇ ಬೇರೆ ಕಡೆ ನೋಡಿಕೊಂಡರು. ಅವರನ್ನು ದೂರುವ ಹಾಗಿರಲಿಲ್ಲ. ಅವ್ವ ಹೋದಮೇಲೆ ಮನೆಯಲ್ಲಿ ಕನ್ನಡ ನಿಂತುಹೋಯಿತು. ನಾವಿದ್ದ ವಾಡೆಯ, ಅಂದರೆ ವಠಾರದ, ನೆರೆಯವರೆಲ್ಲ ಮರಾಠಿಯವರು, ಒಳ್ಳೆಯವರು. ಆದರೆ ಅಂದಿನಿಂದ ನಾನು ಕನ್ನಡ ಕೇಳಿದ್ದೆಲ್ಲ ಕಟಕಟೆಯಲ್ಲಿ ನಿಂತವರ ಬಾಯಿಂದ, ಆಡಿದ್ದೆಲ್ಲ ಬೇರೆಯವರ ಪ್ರಶ್ನೆಗಳು. ಎಷ್ಟೋ ಸಲ ಬೇಸಿಗೆ ರಜೆಯಲ್ಲಿ ಇಡೀ ತಿಂಗಳು ಒಂದು ಕನ್ನಡ ಶಬ್ದ ಬಾಯಿಂದ ಬಂದಿರುತ್ತಿರಲಿಲ್ಲ.

ಈಗ ನನ್ನ ಮೊದಲ ದೊಡ್ಡ ಎಡವಟ್ಟಿನ ಕಥೆ. ಗದಗಿನ ಕಡೆಯ ಒಂದು ನಾಟಕ ಕಂಪನಿಯ ಮಾಲೀಕ ಬಸವಂತಪ್ಪ ಎಂಬುವರು ಪುಣೆಯ ಹೊರವಲಯದ ಒಂದು ಬಯಲಿನಲ್ಲಿ ಎರಡು ತಿಂಗಳು ತಂಬು ಹಾಕಲು ಜಾಗದ ಯಜಮಾನರ ಜೊತೆ ಕರಾರು ಮಾಡಿಕೊಂಡಿದ್ದರು. ಕಂಪನಿಯವರು ಲಾರಿಯಲ್ಲಿ ಪರದೆ, ಪೆಟ್ಟಿಗೆ, ಹೆಂಡರು ಮಕ್ಕಳ ಸಮೇತ ಬಂದಿಳಿಯುವಷ್ಟರಲ್ಲಿ ಸರ್ಕಾರ ಆ ಬಯಲನ್ನು ರಸ್ತೆಗೆಂದು ತೆಗೆದುಕೊಂಡಿತ್ತು. ಬಸವಂತಪ್ಪ ಯಜಮಾನರ ಮೇಲೆ ದಾವೆ ಹಾಕಿದ್ದರು. ಯಜಮಾನರ ವಕೀಲರು ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕಿದರು. ಸರ್ಕಾರ ಜಾಗ ತೆಗೆದುಕೊಂಡಿದ್ದರಿಂದ ನಿಮ್ಮ ಕರಾರಿಗೆ ಫ್ರಸ್ಟ್ರೇಷನ್ ಆಯಿತು, ಹೌದೋ ಅಲ್ಲವೋ?

ಆ ಶಬ್ದವನ್ನು ನಾನು ಆಫೀಸಿನ ಮಾತುಕತೆಯಲ್ಲಷ್ಟೇ ಕೇಳಿದ್ದೆ. ಬಸ್ಸು ತಪ್ಪಿದರೆ, ರಜೆ ಸಿಗದಿದ್ದರೆ ಜನ ಅದನ್ನು ಆಡುತ್ತಿದ್ದರು. ಹಿಂದೆ ಮುಂದೆ ನೋಡದೆ, ‘ನಿಮ್ಮ ಕರಾರು ಹತಾಶವಾಯಿತು, ಹೌದೋ ಅಲ್ಲವೋ?’ ಎಂದುಬಿಟ್ಟೆ.

ಬಸವಂತಪ್ಪ ನನ್ನನ್ನು ದಿಟ್ಟಿಸಿ ನೋಡಿದರು. “ಕಾಗದಕ್ಕ ಹ್ಯಾಂಗ ಹತಾಶ ಆಗತದ್ರಿ ಬಾಯಾರ? ಹತಾಶ ಆದವ್ರು ನಾವು. ಇಪ್ಪತ್ತೆರಡು ಮಂದಿ ರಸ್ತಾದಾಗ ಕುಂತೀವಿ.”

ಅದನ್ನು ಇದ್ದಂತೆ ಮರಾಠಿಗೆ ತಂದೆ. ಇಡೀ ಕೋರ್ಟು ನಕ್ಕಿತು. ಜಡ್ಜ್ ಸಾಹೇಬರೂ ನಕ್ಕರು. ಬಸವಂತಪ್ಪ ನಗಲಿಲ್ಲ, ತನ್ನನ್ನು ನೋಡಿ ನಗುತ್ತಿದ್ದಾರೆ ಎಂದುಕೊಂಡು ತಲೆ ತಗ್ಗಿಸಿದರು. ಕೋರ್ಟು ನಕ್ಕದ್ದು ನನ್ನ ಅನುವಾದಕ್ಕೆ ಎಂದು ಹೇಳುವ ಅಧಿಕಾರ ನನಗಿರಲಿಲ್ಲ.

ಮಧ್ಯಾಹ್ನ ಜೋಶಿ ಸಾಹೇಬರು ಕಾನೂನಿನ ಅರ್ಥ ಬಿಡಿಸಿ ಹೇಳಿದರು. ಕರಾರು ಮಾಡಿಕೊಂಡ ಇಬ್ಬರ ತಪ್ಪೂ ಇಲ್ಲದೆ, ಇಬ್ಬರೂ ಎಣಿಸದ ಕಾರಣದಿಂದ ಅದನ್ನು ನಡೆಸುವುದೇ ಅಸಾಧ್ಯವಾದರೆ ಕರಾರು ತಾನಾಗಿ ಮುಗಿದುಹೋಗುತ್ತದೆ. ಅದಕ್ಕೆ ವಕೀಲರು ಇಟ್ಟುಕೊಂಡ ಹೆಸರು ಅದು. ಅಲ್ಲಿ ಯಾರ ಮನಸ್ಸಿನ ಮಾತೂ ಇಲ್ಲ. ‘ಕರಾರು ನಡೆಸಲು ಬಾರದ ಹಾಗಾಯಿತು’ ಎಂದು ಸರಳವಾಗಿ ಹೇಳಿದ್ದರೆ ಸಾಕಿತ್ತು. ಹೊಸಬರಿಗೆ ನಾನು ಇಷ್ಟನ್ನು ಒತ್ತಿ ಹೇಳುತ್ತೇನೆ. ದಿನಬಳಕೆಯ ಶಬ್ದ ವಕೀಲರ ಬಾಯಲ್ಲಿ ಬಂದರೆ ನಿಂತು ಕೇಳಿ. ಅದು ಬೇರೆ ಶಬ್ದವಾಗಿರುತ್ತದೆ. ಆ ದಾವೆಯಲ್ಲಿ ಕರಾರು ಮುಗಿದುಹೋಗಿದೆ ಎಂದೇ ತೀರ್ಪಾಯಿತು. ಕಂಪನಿ ಪುಣೆಯಲ್ಲಿ ಒಂದು ನಾಟಕವನ್ನೂ ಆಡದೆ ವಾಪಸು ಹೋಯಿತೆಂದು ಕೇಳಿದೆ.

ವರ್ಷಗಳು ಹೋದವು. ಸ್ಟೆನೋಗಳ ಟೈಪ್‌ರೈಟರುಗಳು ಹೋಗಿ ಕಂಪ್ಯೂಟರು ಬಂದವು. ಮೊದಲು ಒಂದು ಮಾತು ತಪ್ಪಾಗಿ ಟೈಪಾದರೆ ಅದನ್ನು ಹೊಡೆದು ಪಕ್ಕದಲ್ಲಿ ಸಹಿ ಹಾಕಬೇಕಿತ್ತು, ತಪ್ಪು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ಹಾಳೆ ಯಾವಾಗಲೂ ಚೊಕ್ಕಟ. ಚಾಕಣ, ರಾಂಜಣಗಾಂವದ ಕಡೆ ಕಾರ್ಖಾನೆಗಳು ಎದ್ದವು, ಪುಣೆಯ ಸುತ್ತ ಕಟ್ಟಡಗಳು ಎದ್ದವು, ಅವನ್ನು ಕಟ್ಟಲು ಯಾದಗಿರಿ, ಕಲಬುರಗಿ ಕಡೆಯ ಜನ ಬಂದರು. ನನ್ನ ಕೆಲಸ ಹೆಚ್ಚಿತು. ಅವರ ಕನ್ನಡ ನಮ್ಮ ವಿಜಾಪುರದ ಕನ್ನಡಕ್ಕಿಂತ ತುಸು ಬೇರೆ. ಆದರೂ ನನಗೆ ತಿಳಿಯುತ್ತದೆ ಎಂಬ ಜಂಬ ಇತ್ತು. ಮಲ್ಲಮ್ಮನ ಕೇಸಿನಲ್ಲಿ ನನ್ನನ್ನು ಬೀಳಿಸಿದ್ದು ಆ ಜಂಬವೇ.

ಮಲ್ಲಮ್ಮ ಯಾದಗಿರಿಯ ಕಡೆಯವಳು, ಮೂವತ್ತೈದರ ಆಸುಪಾಸು, ಕಟ್ಟಡದ ಕೆಲಸಗಾರ್ತಿ. ಅವಳ ಗಂಡ ಭೀಮರಾಯ ಪುಣೆಯಲ್ಲೇ ಜ್ವರ ಬಂದು ತೀರಿಕೊಂಡಿದ್ದ. ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದ ಮಗಳನ್ನು ತಂದೆಯಿಲ್ಲದ ಮಕ್ಕಳ ಹಾಸ್ಟೆಲಿಗೆ ಸೇರಿಸಬೇಕಿತ್ತು. ಅದಕ್ಕೆ ಗಂಡನ ಮರಣದ ದಾಖಲೆ ಬೇಕು. ದಾಖಲೆ ಸಿಕ್ಕಿತು, ಆದರೆ ಅದರಲ್ಲಿ ಭೀಮರಾಯನ ಹೆಸರು ‘ಭೀಮರಾವ್’ ಎಂದಿತ್ತು. ಮರಾಠಿ ಕಿವಿಗೆ ಅದು ಹಾಗೆ ಕೇಳಿಸಿದ್ದು ಸಹಜ. ಹಾಸ್ಟೆಲಿನವರು ಇದು ಬೇರೆ ಮನುಷ್ಯನ ಕಾಗದ ಎಂದು ಹಿಂದಕ್ಕೆ ಕಳಿಸಿದರು.

ಮಲ್ಲಮ್ಮ ಆ ನೋಂದಣಿ ಕಚೇರಿಗೆ ಮೇಲಿಂದ ಮೇಲೆ ಹೋದಳು. ಪ್ರತಿ ಸಲ ಒಂದು ದಿನದ ಕೆಲಸ ಬಿಡಬೇಕು. ಕಿಟಕಿಯಲ್ಲಿ ಕೂತಿರುತ್ತಿದ್ದ ಪವಾರ್ ಎಂಬ ಗುಮಾಸ್ತರು ಪ್ರತಿ ಸಲವೂ, ಊರಿನಿಂದ ಹೆಸರಿನ ಅಫಿಡೆವಿಟ್ ತೆಗೆದುಕೊಂಡು ಬಾ ಎಂದು ಮರಾಠಿಯಲ್ಲಿ ಹೇಳಿದರು. ಅವಳಿಗೆ ಅರ್ಥವಾಗುತ್ತಿದ್ದದ್ದು ‘ನಾಹೀ’ ಎಂಬುದೊಂದೇ. ಹನ್ನೊಂದನೆಯ ಸಲ, ಜೂನ್ ತಿಂಗಳ ಕೊನೆಗೆ, ಪವಾರರು ಮತ್ತೆ ತಲೆ ಅಲ್ಲಾಡಿಸಿದಾಗ ಅವಳು ಕಿಟಕಿಯೊಳಗೆ ಕೈ ಹಾಕಿ, ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮಶೀನು ಎತ್ತಿ ಬೀಸಿದಳು. ಪವಾರರ ಹುಬ್ಬು ಸೀಳಿ ನಾಲ್ಕು ಹೊಲಿಗೆ ಬಿದ್ದವು. ಸರ್ಕಾರಿ ನೌಕರನ ಮೇಲೆ ಹಲ್ಲೆ ಎಂದು ಕೇಸಾಯಿತು.

ಸರ್ಕಾರದ ಕಡೆಯ ಸಾಕ್ಷಿಗಳೆಲ್ಲ ಮುಗಿದ ಮೇಲೆ ಆರೋಪಿಯನ್ನು ಜಡ್ಜ್ ಸಾಹೇಬರೇ ಪ್ರಶ್ನೆ ಕೇಳಿ ಹೇಳಿಕೆ ಬರೆಸಿಕೊಳ್ಳುವ ಕ್ರಮ ಇದೆ. ಅಂದು ಪಟ್ಟಿಯಲ್ಲಿ ಕೇಸುಗಳು ಬಹಳ, ಎಲ್ಲರಿಗೂ ಅವಸರ. ಮಶೀನು ಯಾಕೆ ಬೀಸಿದೆ ಎಂದು ಕೇಳಿದರು. ಮಲ್ಲಮ್ಮ ತಗ್ಗಿದ ದನಿಯಲ್ಲಿ ಹೇಳಿದಳು:

“ತಲಿ ಕೆಟ್ಟಿತ್ರಿ. ಏನ್ ಮಾಡ್ಲಾಕತ್ತೀನಿ ತಿಳೀಲಿಲ್ಲ.”

ನಾನು ಮರಾಠಿಯಲ್ಲಿ, ‘ಮಲಾ ರಾಗ ಆಲಾ’ ಎಂದೆ. ನನಗೆ ಸಿಟ್ಟು ಬಂತು. ಎರಡನೆಯ ವಾಕ್ಯವನ್ನು, ‘ಆಮೇಲೆ ಏನು ಮಾಡಿದೆನೋ ಗೊತ್ತಿಲ್ಲ’ ಎಂದು ಜೋಡಿಸಿದೆ. ಸ್ಟೆನೋ ಟೈಪು ಮಾಡಿಕೊಂಡ. ಹೇಳಿಕೆಯನ್ನು ಆರೋಪಿಗೆ ಅವಳ ಭಾಷೆಯಲ್ಲಿ ಓದಿ ಹೇಳಬೇಕೆಂಬ ನಿಯಮ ಇದೆ. ಇಂಥ ತಪ್ಪು ಸಿಕ್ಕಿಬೀಳಲೆಂದೇ ಆ ನಿಯಮ. ಓದುವಾಗ ನಾನು ಹಾಳೆಯ ಮೇಲಿದ್ದ ಮರಾಠಿಯನ್ನು ಕನ್ನಡಕ್ಕೆ ತರಲಿಲ್ಲ. ಅವಳ ಮಾತು ನನ್ನ ನೆನಪಿನಲ್ಲಿತ್ತು, ಅದನ್ನೇ ಅವಳಿಗೆ ವಾಪಸು ಹೇಳಿದೆ. ತಲಿ ಕೆಟ್ಟಿತ್ತು, ಏನು ಮಾಡುತ್ತಿದ್ದೇನೆ ತಿಳಿಯಲಿಲ್ಲ. ಅವಳು ಹೌದೆಂದು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು.

ಅವಳಿಗೆ ಕಾನೂನು ನೆರವಿನಿಂದ ಒಬ್ಬ ವಕೀಲೆಯನ್ನು ಕೊಟ್ಟಿದ್ದರು, ಶಿಂದೆ ಮೇಡಂ ಅಂತ. ಅವರು ಆಸ್ಪತ್ರೆಯ ಮನೋವೈದ್ಯರೊಬ್ಬರನ್ನು ಸಾಕ್ಷಿಗೆ ಕರೆಸಿದರು. ಆ ವೈದ್ಯರ ಬಾಯಿಂದ ನಾನು ಮತ್ತೆ ಅದೇ ಇಂಗ್ಲಿಷ್ ಶಬ್ದ ಕೇಳಿದೆ, ಫ್ರಸ್ಟ್ರೇಷನ್. ಈ ಸಲ ಅದು ಮನಸ್ಸಿನ ಮಾತೇ ಆಗಿತ್ತು. ಮನುಷ್ಯನಿಗೆ ಒಂದು ಕಡೆ ತಲುಪಲೇಬೇಕಾಗಿರುತ್ತದೆ, ದಾರಿ ಪ್ರತಿ ಸಲವೂ ಒಂದೇ ಜಾಗದಲ್ಲಿ ಕಟ್ಟಿಹೋಗುತ್ತದೆ, ಯಾಕೆ ಕಟ್ಟಿದೆ ಎಂಬುದೂ ತಿಳಿಯುವುದಿಲ್ಲ. ಆಗ ಒಳಗೆ ಒತ್ತಡ ತುಂಬಿ ವಿವೇಕ ತಪ್ಪುತ್ತದೆ. ಇದು ಒಬ್ಬ ವ್ಯಕ್ತಿಯ ಮೇಲಿನ ದ್ವೇಷವಲ್ಲ, ಎದುರಿಗೆ ಯಾರಿದ್ದರೂ ಪೆಟ್ಟು ಅವರಿಗೇ ಬೀಳುತ್ತಿತ್ತು. ಹಾಗೆಂದು ವಿವರಿಸಿದರು. ನಾನು ಮಲ್ಲಮ್ಮನ ಪಕ್ಕದಲ್ಲಿ ನಿಂತು ಒಂದೊಂದೇ ಮಾತನ್ನು ಕನ್ನಡಕ್ಕೆ ತರುತ್ತಿದ್ದೆ. ಅವಳು ಬಹಳ ಗಮನವಿಟ್ಟು ಕೇಳಿದಳು.

ಸರ್ಕಾರಿ ವಕೀಲರು ಎದ್ದರು. ವೈದ್ಯರು ಏನೇ ಹೇಳಲಿ, ಪವಾರರ ಮೇಲೆ ಸಿಟ್ಟು ಬಂದು ಹೊಡೆದೆ ಎಂದು ಆರೋಪಿಯೇ ಒಪ್ಪಿಕೊಂಡಿದ್ದಾಳೆ ಎಂದು ಹಾಳೆ ಎತ್ತಿ ಓದಿದರು. ಮಲಾ ರಾಗ ಆಲಾ.

ಅದನ್ನೂ ಅವಳಿಗೆ ಕನ್ನಡದಲ್ಲಿ ಹೇಳಬೇಕಿತ್ತು, ಹೇಳಿದೆ. ನಿನಗೆ ಸಿಟ್ಟು ಬಂದಿತ್ತು ಎಂದು ನೀನೇ ಹೇಳಿದ್ದೀ.

ಮಲ್ಲಮ್ಮ ನನ್ನ ಕಡೆ ತಿರುಗಿದಳು. “ನಾ ಹಂಗ ಅಂದಿಲ್ರಿ. ಅವನ ಮ್ಯಾಲ ನನಗ ಯಾಕ ಸಿಟ್ಟು? ತಲಿ ಕೆಟ್ಟಿತ್ತು ಅಂದೀನಿ. ಈಗ ಆ ಡಾಕ್ಟರ್ ಹೇಳಿದ್ರಲ್ಲ, ಅದ.”

ಓದಿ ಹೇಳುವಾಗ ನಾನೇನು ಮಾಡಿದ್ದೆ ಎಂದು ಆಗ ಹೊಳೆಯಿತು. ಆರೋಪಿ ಏನು ಹೇಳುತ್ತಿದ್ದಾಳೆ ಎಂದು ಜಡ್ಜ್ ಸಾಹೇಬರು ಕೇಳಿದರು. ‘ನಾನು ಹಾಗೆ ಹೇಳಿಲ್ಲ’ ಎಂದು ಮರಾಠಿಯಲ್ಲಿ ಹೇಳಿದೆ. ಸರ್ಕಾರಿ ವಕೀಲರು ಮುಗುಳ್ನಕ್ಕು, ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿದ ಹೇಳಿಕೆ ಇದು, ಈಗ ಮಾತು ತಿರುಗಿಸುತ್ತಿದ್ದಾಳೆ ಎಂದರು. ಶಿಂದೆ ಮೇಡಂ ತಮ್ಮ ಫೈಲಿನಲ್ಲಿ ಆ ಹೇಳಿಕೆಯ ನಕಲು ಹುಡುಕತೊಡಗಿದರು. ಆ ಕೋಣೆಯಲ್ಲಿ ಅವಳು ನಿಜವಾಗಿ ಏನೆಂದಿದ್ದಳು ಎಂದು ತಿಳಿದವರು ಇಬ್ಬರೇ, ಅವಳು ಮತ್ತು ನಾನು. ಅವಳ ಬಾಯಿ ಎಂದರೆ ನಾನೇ.

ಸುಮ್ಮನಿರಬಹುದಿತ್ತು. ಇದ್ದಿದ್ದರೆ ಯಾರಿಗೂ ಎಂದೂ ಗೊತ್ತಾಗುತ್ತಿರಲಿಲ್ಲ. ಇದನ್ನು ಓದುವ ನೀವು ನನ್ನನ್ನು ಧೈರ್ಯವಂತೆ ಎಂದುಕೊಳ್ಳಬೇಡಿ. ಮುಂದಿನ ತಾರೀಖು ಕೊಡಲು ಗುಮಾಸ್ತರು ಡೈರಿ ತೆರೆದ ಮೇಲಷ್ಟೇ ನನ್ನ ಬಾಯಿಂದ ಹೊರಬಿತ್ತು: “ಸಾಹೇಬ, ಚೂಕ ಮಾಝೀ ಆಹೇ.” ತಪ್ಪು ನನ್ನದು.

ಸ್ಟೆನೋ ಅದನ್ನೂ ಟೈಪು ಮಾಡತೊಡಗಿದ. ಆರೋಪಿ ತಪ್ಪೊಪ್ಪಿಕೊಂಡಳು ಎಂದು ಅವನೆಣಿಕೆ. ಜಡ್ಜ್ ಸಾಹೇಬರು ಅವನನ್ನು ಕೈಸನ್ನೆಯಿಂದ ತಡೆದು ನನ್ನನ್ನು ಕೇಳಿದರು: “ಮಾಝೀ ಮ್ಹಣಜೇ ಕುಣಾಚೀ? ಆರೋಪೀಚೀ ಕೀ ತುಮಚೀ?” ನನ್ನದು ಎಂದರೆ ಯಾರದು, ಆರೋಪಿಯದೋ ನಿಮ್ಮದೋ?

ನನ್ನದು ಎಂದೆ. ಆ ಕೋರ್ಟಿನಲ್ಲಿ ನಾನು ನನ್ನ ಬಗ್ಗೆ ಆಡಿದ ಮೊದಲ ಮಾತು ಅದು. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಓದಿ ಹೇಳುವಾಗ ಮಾಡಿದ ಎರಡನೆಯ ತಪ್ಪನ್ನೂ ಹೇಳಿದೆ, ಮೊದಲನೆಯದಕ್ಕಿಂತ ಅದೇ ದೊಡ್ಡದು. ಮಲ್ಲಮ್ಮನಿಗೆ ಇದೊಂದೂ ತಿಳಿಯಲಿಲ್ಲ. ಬೇರೆ ದುಭಾಷಿ ಇರಲಿಲ್ಲ, ನನ್ನ ಮಾತನ್ನು ಅವಳಿಗೆ ಕನ್ನಡದಲ್ಲಿ ಹೇಳುವವರು ಯಾರು? ನಾನು ಜಡ್ಜರಿಗೆ ಬೇಡಿಕೊಳ್ಳುವ ಹಾಗೆ ಮಾತಾಡುವುದನ್ನು ಕಂಡು ಅವಳು ತನಗೆ ಶಿಕ್ಷೆಯಾಯಿತೆಂದು ತಿಳಿದು ಕಟಕಟೆಯ ಕಟ್ಟಿಗೆ ಹಿಡಿದುಕೊಂಡಳು. ಕಡೆಗೆ ಜಡ್ಜ್ ಸಾಹೇಬರೇ, ಅವಳಿಗೂ ತಿಳಿಸಿ ಎಂದರು. ಅವಳ ಕಡೆ ತಿರುಗಿ ಹೇಳಿದೆ. ಅವಳು, ನಿಮಗೇನು ಮಾಡತಾರ್ರಿ ಎಂದು ಕೇಳಿದಳು. ಅದನ್ನು ನಾನು ಅನುವಾದಿಸಲಿಲ್ಲ. ನನ್ನ ಇಡೀ ನೌಕರಿಯಲ್ಲಿ ತಿಳಿದೂ ಬಿಟ್ಟ ಮಾತು ಅದೊಂದೇ.

ಕನ್ನಡ ಬಲ್ಲ ಒಬ್ಬ ವಕೀಲರಿಗೆ ಪ್ರಮಾಣ ಮಾಡಿಸಿ ಹೇಳಿಕೆಯನ್ನು ಮತ್ತೆ ಬರೆಸಿಕೊಂಡರು. ಅಂದು ನಾನು ಹಿಂದಿನ ಬೆಂಚಿನಲ್ಲಿದ್ದೆ. ಆ ವಕೀಲರು ಅವಸರ ಮಾಡಲಿಲ್ಲ. ‘ತಲಿ ಕೆಟ್ಟಿತ್ತು’ ಅಂದರೆ ಏನು ಎಂದು ಅವಳನ್ನೇ ಕೇಳಲು ಜಡ್ಜರ ಅನುಮತಿ ಪಡೆದರು. ಎದೆ ಕಟ್ಟಿ ಉಸಿರು ಬರಲಿಲ್ಲ, ಕಣ್ಣ ಮುಂದೆ ಕಿಟಕಿಯೊಂದೇ ಇತ್ತು, ಆ ಮನುಷ್ಯನ ಮುಖ ಕಾಣಲಿಲ್ಲ ಎಂದು ಹೇಳಿದಳು. ಇಷ್ಟು ಸುಲಭವಿತ್ತು. ಅರ್ಥವಾಗದ ಮಾತನ್ನು ಆಡಿದವರನ್ನೇ ಕೇಳುವುದು. ನನಗೆ ಅರ್ಥವಾಗಿದೆ ಎಂದುಕೊಂಡಿದ್ದರಿಂದ ನಾನು ಕೇಳಿರಲಿಲ್ಲ.

ಹೊಡೆದದ್ದಂತೂ ನಿಜ, ಅಪರಾಧ ಸಾಬೀತಾಯಿತು. ಆದರೆ ಜೈಲಿಗೆ ಕಳಿಸದೆ, ಒಂದು ವರ್ಷ ಸನ್ನಡತೆಯಿಂದ ಇರುವೆನೆಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ನನಗೆ ಕಾರಣ ಕೇಳಿ ನೋಟಿಸು ಬಂತು, ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲು ಸೇರಿತು. ಕಟಕಟೆಯ ಕೆಲಸದಿಂದ ತೆಗೆದು ನೆಲಮಹಡಿಯ ಕೋಣೆಯಲ್ಲಿ ಹಳೆಯ ಕಾಗದಗಳನ್ನು ಅನುವಾದಿಸಲು ಕೂಡಿಸಿದರು. ಅಲ್ಲಿ ಬೇರೆಯವರ ಕನ್ನಡವೂ ಕೇಳಿಸುತ್ತಿರಲಿಲ್ಲ. ನಿವೃತ್ತರಾಗಿದ್ದ ಜೋಶಿ ಸಾಹೇಬರು ಸುದ್ದಿ ಕೇಳಿ ಒಮ್ಮೆ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಕುರ್ಚಿ ಎಳೆದುಕೊಂಡು ಕುಳಿತು, ತಾವೂ ಒಮ್ಮೆ ಇಂಥದೇ ತಪ್ಪು ಮಾಡಿ ಹೇಳದೆ ಉಳಿದಿದ್ದಾಗಿ, ಆ ಕೇಸಿನ ಮನುಷ್ಯನ ಹೆಸರು ಇನ್ನೂ ನೆನಪಿರುವುದಾಗಿ ಹೇಳಿ, ಚಹಾ ಕುಡಿದು ಹೋದರು.

ತೀರ್ಪಾದ ಕೆಲವು ವಾರಗಳ ಮೇಲೆ ಮಲ್ಲಮ್ಮ ನೆಲಮಹಡಿಗೆ ನನ್ನನ್ನು ಕೇಳಿಕೊಂಡು ಬಂದಳು. ಊರಿನಿಂದ ಅಫಿಡೆವಿಟ್ ಬಂದಿತ್ತು, ಶಿಂದೆ ಮೇಡಂ ತರಿಸಿಕೊಟ್ಟಿದ್ದರು. ಆ ಕಿಟಕಿಗೆ ಒಬ್ಬಳೇ ಹೋಗಲು ಹೆದರಿಕೆ, ಜೊತೆಗೆ ಬರುತ್ತೀರಾ ಎಂದು ಕೇಳಿದಳು. ಕೇಸು ಮುಗಿದಿತ್ತು, ನಿಯಮ ಯಾವುದೂ ಅಡ್ಡ ಇರಲಿಲ್ಲ. ಅರ್ಧ ದಿನ ರಜೆ ಹಾಕಿ ಹೋದೆ.

ಕಿಟಕಿಯಲ್ಲಿ ಪವಾರರೇ ಇದ್ದರು. ಅವಳನ್ನು ಕಂಡು ಅವರ ಕೈ ಹುಬ್ಬಿನ ಮೇಲೆ ಹೋಯಿತು. ತಪ್ಪಾತ್ರಿ ಎಂದು ಮಲ್ಲಮ್ಮ ಕೈಮುಗಿದಳು. ನಾನು ಮರಾಠಿಯಲ್ಲಿ ಹೇಳುವ ಮೊದಲೇ ಅವರು ತಲೆಯಾಡಿಸಿ ಕಾಗದ ತೆಗೆದುಕೊಂಡರು. ಹೆಸರಿನ ಕೊನೆಯ ಅಕ್ಷರ ಯಾವುದು ಎಂದು ನನ್ನನ್ನು ಎರಡು ಸಲ ಕೇಳಿ ಬರೆದರು. ಮಗಳು ಶಾಲೆಗೆ ಸೇರಿದಳೇ ಎಂದು ಕೇಳಿದರು. ಈ ವರ್ಷ ತಪ್ಪಿತು, ಬರುವ ಜೂನಿನಲ್ಲಿ ಸೇರಿಸುತ್ತಾಳಂತೆ ಎಂದೆ. ಅಂದೇ ಮಧ್ಯಾಹ್ನ ತಿದ್ದಿದ ದಾಖಲೆ ಕೈಗೆ ಬಂತು.

ಹೊರಗೆ ಮೆಟ್ಟಿಲ ಮೇಲೆ ಕುಳಿತು ಮಲ್ಲಮ್ಮ ಅದನ್ನು ನನ್ನಿಂದ ಓದಿಸಿದಳು. ಗಂಡನ ಹೆಸರು ಬಂದಲ್ಲಿ ಇನ್ನೊಮ್ಮೆ ಓದಿಸಿದಳು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸೆರಗಿನೊಳಗೆ ಇಟ್ಟುಕೊಂಡಳು. ನಾನು ಹೊರಡಲೆಂದು ಚೀಲ ಹೆಗಲಿಗೇರಿಸಿದೆ. ಆಗ ಕೇಳಿದಳು:

“ಅಕ್ಕೋರ, ನಿಮ್ಮ ಮನ್ಯಾಗ ಯಾರ್ಯಾರ ಅದಾರ್ರಿ?”

ಆ ಪ್ರಶ್ನೆಯನ್ನು ಮರಾಠಿಗೆ ತರಲು ನಾನು ಬಾಯಿ ತೆರೆದೆ. ಯಾರ ಕಡೆ ತಿರುಗಿ ಹೇಳಬೇಕೆಂದು ನೋಡಿದೆ. ಅಲ್ಲಿ ನಾವಿಬ್ಬರೇ ಇದ್ದೆವು. ಕೇಳಿದ್ದು ನನ್ನನ್ನೇ ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

“ಯಾರೂ ಇಲ್ಲವ್ವಾ” ಎಂದೆ. “ನಾ ಒಬ್ಬಾಕಿನ ಇರ್ತೀನಿ.”

ಮಲ್ಲಮ್ಮ ಪಕ್ಕದಲ್ಲಿಟ್ಟಿದ್ದ ತನ್ನ ಬಟ್ಟೆಗಂಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಜಾಗ ಮಾಡಿದಳು. ನಾನು ಕುಳಿತೆ. ಅವಳ ಬಸ್ಸು ಬರಲು ಇನ್ನೂ ಹೊತ್ತಿತ್ತು.